ವಿಚಾರಣೆಯಿಲ್ಲದ ಬಂಧನ: ಮೂರು ಭಿನ್ನಮತಗಳ ವಿಮರ್ಶೆ

೧

ಕನ್ನಡದ ಕ್ರಿಯಾಪದಕ್ಕೆ ಸಂಭಾವನಾರ್ಥವೆಂಬ ಒಂದು ರೂಪವಿದೆ. ‘ಕದ್ದನು’ ಎಂದರೆ ನಡೆದುಹೋದ ಸಂಗತಿ. ‘ಕದ್ದಾನು’ ಎಂದರೆ ನಡೆಯಬಹುದೆಂಬ ಊಹೆ. ದಂಡನ್ಯಾಯಾಲಯಗಳ ವ್ಯವಹಾರವೆಲ್ಲ ಮೊದಲನೆಯ ರೂಪಕ್ಕೆ ಸೇರಿದ್ದು. ಇಂಥವನು ಇಂಥ ದಿನ ಇಂಥ ಕೃತ್ಯವನ್ನು ಮಾಡಿದನೆಂದು ಆರೋಪಿಸಬೇಕು, ಸಾಕ್ಷ್ಯವನ್ನು ಮುಂದಿಡಬೇಕು, ಆ ಸಾಕ್ಷ್ಯ ಪಾಟೀಸವಾಲಿನ ಪೆಟ್ಟನ್ನು ತಡೆದುಕೊಳ್ಳಬೇಕು. ಮುನ್ನೆಚ್ಚರಿಕೆಯ ಬಂಧನದ ಆಜ್ಞೆಯಾದರೋ ಎರಡನೆಯ ರೂಪದಲ್ಲಿ ಮಾತನಾಡುತ್ತದೆ. ಈತ ಮಾಡಿದನೆಂದು ಅದು ಹೇಳುವುದಿಲ್ಲ, ಮಾಡಿಯಾನೆಂದು ಹೇಳುತ್ತದೆ. ಆಗದೆ ಇರುವ ಕೃತ್ಯಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ಆಗದೆ ಇರುವುದನ್ನು ಬಂಧಿತನಾದರೂ ಹೇಗೆ ಅಲ್ಲಗಳೆಯುವುದು? ಹೀಗೆ, ಆಪಾದನೆಗೂ ಸಮರ್ಥನೆಗೂ ಬೇಕಾದ ನೆಲವೇ ಇಲ್ಲದಂತಾಗಿ, ಉಳಿಯುವುದು ಆಜ್ಞೆ ಹೊರಡಿಸಿದ ಅಧಿಕಾರಿಯ ಮನಸ್ಸು ಒಂದೇ. ಆ ಮನಸ್ಸಿನೊಳಕ್ಕೆ ನ್ಯಾಯಾಲಯ ಎಷ್ಟು ದೂರ ಇಣುಕಬಹುದು ಎಂಬುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ರಾಜ್ಯಶಾಸ್ತ್ರದ ಗ್ರಂಥಗಳು ತತ್ತ್ವದ ದೃಷ್ಟಿಯಿಂದಲೂ ಕಾನೂನಿನ ಗ್ರಂಥಗಳು ಪೂರ್ವನಿರ್ಣಯಗಳ ದೃಷ್ಟಿಯಿಂದಲೂ ವಿವೇಚಿಸಿವೆ. ಪ್ರಕೃತ ಲೇಖನದ ಉದ್ದೇಶ ಬೇರೆ. ಇಲ್ಲಿ ಮೂರು ತೀರ್ಪುಗಳನ್ನು ಬರಹಗಳೆಂದು ತೆಗೆದುಕೊಂಡು, ಅವುಗಳಲ್ಲಿ ಪದಗಳಿಗೆ ಅರ್ಥ ಹೇಳಿರುವ ರೀತಿಯನ್ನು ಪರೀಕ್ಷಿಸಲು ಯತ್ನಿಸಲಾಗಿದೆ. ಆ ಮೂರು ಇವು: ೧೯೪೧ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ನಿರ್ಣಯಿಸಿದ ಲಿವರ್ಸಿಜ್ ಮೊಕದ್ದಮೆಯಲ್ಲಿ ಲಾರ್ಡ್ ಆಟ್ಕಿನ್ನರ ಭಿನ್ನಮತ, ೧೯೫೦ರಲ್ಲಿ ನಮ್ಮ ಸುಪ್ರೀಂ ಕೋರ್ಟು ನಿರ್ಣಯಿಸಿದ ಎ. ಕೆ. ಗೋಪಾಲನ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಫಜಲ್ ಅಲಿಯವರ ಭಿನ್ನಮತ. ೧೯೭೬ರಲ್ಲಿ ಅದೇ ನ್ಯಾಯಾಲಯ ನಿರ್ಣಯಿಸಿದ ಜಬಲ್ಪುರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ಭಿನ್ನಮತ. ಭಿನ್ನಮತಗಳನ್ನು ವೀರಗಾಥೆಗಳಂತೆ ಓದುವ ರೂಢಿ ಈಚೆಗೆ ಬೆಳೆದಿದೆ. ವಿಮರ್ಶೆಗೆ ಅದು ಹಿತವಲ್ಲ. ಬಹುಮತದವರ ವಾದಕ್ಕೂ ಬಲವಿತ್ತು. ಆ ಬಲವನ್ನು ಅಳೆಯದೆ ಭಿನ್ನಮತದ ಬೆಲೆಯನ್ನು ಕಟ್ಟಲಾಗುವುದಿಲ್ಲ.

೨

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. ಭಾರತದಲ್ಲಿ ಈ ಅಧಿಕಾರ ತುರ್ತುಕಾಲದ ಸೃಷ್ಟಿಯಲ್ಲ. ಕಂಪನಿ ಸರ್ಕಾರ ೧೮೧೮ರಲ್ಲಿ ಹೊರಡಿಸಿದ ಬಂಗಾಳದ ಮೂರನೆಯ ರೆಗ್ಯುಲೇಷನ್, ರಾಜ್ಯದ ಹಿತದೃಷ್ಟಿಯಿಂದ ಯಾರನ್ನಾದರೂ ಆರೋಪವಿಲ್ಲದೆ ಬಂಧನದಲ್ಲಿಡುವ ಅಧಿಕಾರವನ್ನು ಗವರ್ನರ್ ಜನರಲ್ಲನಿಗೆ ಕೊಟ್ಟಿತು. ೧೯೦೭ರಲ್ಲಿ ಲಾಲಾ ಲಜಪತ ರಾಯ್ ಮತ್ತು ಅಜಿತ್ ಸಿಂಗ್ ಮಂಡಾಲೆಗೆ ಹೋದದ್ದು ಈ ರೆಗ್ಯುಲೇಷನ್ನಿನ ಬಲದಿಂದ. ೧೯೧೯ರ ರೌಲತ್ ಕಾಯಿದೆಯನ್ನು ದೇಶವೇ ಎದ್ದು ವಿರೋಧಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತ ರಕ್ಷಣಾ ನಿಯಮಾವಳಿಯ ೨೬ನೆಯ ನಿಯಮ ಅದೇ ಅಧಿಕಾರವನ್ನು ಮತ್ತೆ ಕೊಟ್ಟಿತು.

ಈ ೨೬ನೆಯ ನಿಯಮದ ಕಥೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಮೂಲ ಕಾಯಿದೆ, ಸಕಾರಣವಾಗಿ ಶಂಕಿತನಾದವನನ್ನು ಬಂಧಿಸಲು ನಿಯಮ ಮಾಡಬಹುದೆಂದು ಹೇಳಿತ್ತು. ನಿಯಮ ಮಾಡಿದವರು ‘ಸಕಾರಣ’ವೆಂಬುದನ್ನು ಕೈಬಿಟ್ಟು, ಸರ್ಕಾರಕ್ಕೆ ಮನವರಿಕೆಯಾದರೆ ಸಾಕೆಂದು ಬರೆದರು. ೧೯೪೩ರ ಏಪ್ರಿಲ್ ತಿಂಗಳಲ್ಲಿ ತಳಪದೆ ಮೊಕದ್ದಮೆಯಲ್ಲಿ ಫೆಡರಲ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಮಾರಿಸ್ ಗ್ವಾಯರ್ ಈ ವ್ಯತ್ಯಾಸವನ್ನು ಗುರುತಿಸಿ ನಿಯಮ ಅಸಿಂಧುವೆಂದು ಸಾರಿದರು. ಕೆಲವೇ ದಿನಗಳಲ್ಲಿ ಒಂದು ಆರ್ಡಿನೆನ್ಸ್ ಹೊರಟು ಲೋಪವನ್ನು ಮುಚ್ಚಿತು. ಒಂದು ವಿಶೇಷಣ ಇದ್ದರೆ ನ್ಯಾಯಾಲಯಕ್ಕೆ ಪ್ರಶ್ನಿಸುವ ಹಕ್ಕುಂಟು, ಇಲ್ಲದಿದ್ದರೆ ಇಲ್ಲ. ಇದು ಆಳುವವರಿಗೆ ಚೆನ್ನಾಗಿ ತಿಳಿದಿತ್ತು.

೩

ಲಿವರ್ಸಿಜ್ ಮೊಕದ್ದಮೆಯ ಸಮಸ್ಯೆಯೂ ಇದೇ. ೧೯೩೯ರ ಇಂಗ್ಲಿಷ್ ರಕ್ಷಣಾ ನಿಯಮಾವಳಿಯ ೧೮-ಬಿ ನಿಯಮದಂತೆ, ಒಬ್ಬ ವ್ಯಕ್ತಿ ಶತ್ರುಸಂಬಂಧ ಉಳ್ಳವನೆಂದು ನಂಬಲು ಗೃಹಮಂತ್ರಿಗೆ ಸಕಾರಣವಿದ್ದರೆ ಆತನನ್ನು ಬಂಧನದಲ್ಲಿಡಬಹುದಾಗಿತ್ತು. ರಾಬರ್ಟ್ ಲಿವರ್ಸಿಜ್ ೧೯೪೦ರಲ್ಲಿ ಹೀಗೆ ಬಂಧಿತನಾದವನು. ಆತ ಅಕ್ರಮ ಬಂಧನಕ್ಕಾಗಿ ನಷ್ಟಪರಿಹಾರದ ದಾವೆ ಹೂಡಿ, ಯಾವ ಕಾರಣದ ಮೇಲೆ ತನ್ನನ್ನು ಹಿಡಿದಿರೆಂಬ ವಿವರವನ್ನು ಕೇಳಿದ. ಪ್ರತಿವಾದಿಯಾದ ಗೃಹಮಂತ್ರಿ ಸರ್ ಜಾನ್ ಆಂಡರ್ಸನ್ ೧೯೩೨ರಿಂದ ೧೯೩೭ರವರೆಗೆ ಬಂಗಾಳದ ಗವರ್ನರಾಗಿದ್ದವರು. ಆರೋಪವಿಲ್ಲದ ಬಂಧನದ ಆಡಳಿತ ಅವರಿಗೆ ಹೊಸದಲ್ಲ.

ಬಹುಮತದ ನಾಲ್ವರು ನ್ಯಾಯಾಧೀಶರ ವಾದಸರಣಿಯನ್ನು ಹೀಗೆ ಸಂಗ್ರಹಿಸಬಹುದು. ಯುದ್ಧಕಾಲ, ಮಂತ್ರಿಯ ಬಳಿ ಇರುವ ಮಾಹಿತಿ ಗುಟ್ಟಿನದು, ಅದನ್ನು ನ್ಯಾಯಾಲಯದಲ್ಲಿ ಬಿಚ್ಚಿಡಲಾಗದು, ಮಂತ್ರಿ ಪಾರ್ಲಿಮೆಂಟಿಗೆ ಹೊಣೆಗಾರ. ಆದ್ದರಿಂದ ‘ಸಕಾರಣವಿದ್ದರೆ’ ಎಂಬುದಕ್ಕೆ, ಸಕಾರಣವಿದೆಯೆಂದು ಮಂತ್ರಿಗೆ ಪ್ರಾಮಾಣಿಕವಾಗಿ ತೋರಿದರೆ ಎಂದೇ ಅರ್ಥ ಮಾಡಬೇಕು. ಈ ವಾದ ಹುರುಳಿಲ್ಲದ್ದಲ್ಲ. ಫ್ರಾನ್ಸ್ ಬಿದ್ದುಹೋಗಿ, ಲಂಡನ್ನಿನ ಮೇಲೆ ಬಾಂಬು ಸುರಿದಿದ್ದ ಕಾಲ ಅದು. ಆದರೆ ಈ ವಾದದಲ್ಲಿ ಪದದ ಅರ್ಥ ಪದದಿಂದ ಹೊರಡುವುದಿಲ್ಲ, ಸನ್ನಿವೇಶದ ಭಯದಿಂದ ಹೊರಡುತ್ತದೆ.

ಆಟ್ಕಿನ್ನರ ಭಿನ್ನಮತ ಇಲ್ಲಿ ವೈಯಾಕರಣನ ಮಾರ್ಗವನ್ನು ಹಿಡಿಯುತ್ತದೆ. ಅದೇ ನಿಯಮಾವಳಿಯಲ್ಲೂ ಹಳೆಯ ಕಾಯಿದೆಗಳಲ್ಲೂ ಈ ನುಡಿ ಎಲ್ಲೆಲ್ಲಿ ಬಂದಿದೆಯೋ ಅದನ್ನೆಲ್ಲ ಅವರು ಸಾಲಾಗಿ ಜೋಡಿಸುತ್ತಾರೆ. ಎಲ್ಲ ಕಡೆಯೂ ಅದಕ್ಕೆ ಹೊರಗಿನಿಂದ ಪರೀಕ್ಷಿಸಬಹುದಾದ ಕಾರಣ ಎಂಬ ಅರ್ಥವೇ ಇದೆಯೆಂದು ತೋರಿಸುತ್ತಾರೆ. ಶಾಸನಕಾರರಿಗೆ ಮಂತ್ರಿಯ ಮನವರಿಕೆ ಸಾಕೆಂದಿದ್ದರೆ ಹಾಗೆಂದೇ ಬರೆಯುತ್ತಿದ್ದರು. ವಾಸ್ತವವಾಗಿ ೧೮-ಬಿ ನಿಯಮದ ಮೊದಲ ರೂಪದಲ್ಲಿ ಹಾಗೆಯೇ ಇತ್ತು. ಪಾರ್ಲಿಮೆಂಟಿನಲ್ಲಿ ಪ್ರತಿಭಟನೆ ಬಂದ ಮೇಲೆ ೧೯೩೯ರ ಕೊನೆಯಲ್ಲಿ ಅದನ್ನು ತೆಗೆದು ‘ಸಕಾರಣ’ವನ್ನು ಸೇರಿಸಲಾಯಿತು. ಪ್ರಜಾಪ್ರತಿನಿಧಿಗಳು ಹೋರಾಡಿ ಸೇರಿಸಿದ ಪದವನ್ನು ನ್ಯಾಯಾಧೀಶರು ವ್ಯಾಖ್ಯಾನದ ನೆಪದಲ್ಲಿ ಅಳಿಸಿದಂತಾಯಿತು.

ಆಟ್ಕಿನ್ನರು ಕೊಡುವ ಉದಾಹರಣೆ ಒಬ್ಬ ಮನುಷ್ಯನ ಮುರಿದ ಕಾಲಿನ ಗಂಟಿಗೆ ಸಂಬಂಧಿಸಿದ್ದು. ಕಾಲು ಮುರಿದಿದ್ದರೆ ಎಂಬುದಕ್ಕೂ ಕಾಲು ಮುರಿದಿದೆಯೆಂದು ಅವನಿಗೆ ತೋರಿದರೆ ಎಂಬುದಕ್ಕೂ ಇರುವ ಭೇದವನ್ನು ಮಗುವೂ ಬಲ್ಲದು. ಮುಂದೆ ಅವರು ಲೂಯಿ ಕ್ಯಾರಲ್ಲನ ಮಕ್ಕಳ ಕಥೆಯ ಹಂಪ್ಟಿ ಡಂಪ್ಟಿಯನ್ನು, ಎಂದರೆ ಪದಕ್ಕೆ ತಾನು ಬಯಸಿದ ಅರ್ಥವೇ ಅರ್ಥವೆಂದು ಗತ್ತು ಮಾಡುವ ಪಾತ್ರವನ್ನು, ನೆನೆಯುತ್ತಾರೆ. ತೀರ್ಪು ಹೊರಡುವ ಮೊದಲೇ ಲಾರ್ಡ್ ಚಾನ್ಸಲರ್ ಸೈಮನ್ ಆ ಪ್ರಸ್ತಾಪವನ್ನು ಬದಲಾಯಿಸುವಂತೆ ಆಟ್ಕಿನ್ನರಿಗೆ ಬರೆದರು. ಅವರು ಒಪ್ಪಲಿಲ್ಲ. ತೀರ್ಪು ಬಂದ ಮೇಲೆ ಬಹುಮತದ ಲಾರ್ಡ್ ಮಾಮ್ ಪತ್ರಿಕೆಗೆ ಕಾಗದ ಬರೆದು ಆಕ್ಷೇಪಿಸಿದರು. ಈ ಹಾಸ್ಯ ತೀರ್ಪಿನ ಗಾಂಭೀರ್ಯಕ್ಕೆ ಕುಂದೆಂದು ಹೇಳುವವರುಂಟು. ಆದರೆ ಇಲ್ಲಿ ಹಾಸ್ಯ ಅಲಂಕಾರಕ್ಕಾಗಿ ಬಂದದ್ದಲ್ಲ. ಅಧಿಕಾರದ ಮುಂದೆ ಪದಗಳು ಅರ್ಥ ಕಳೆದುಕೊಳ್ಳುತ್ತಿವೆ ಎಂಬುದೇ ಅವರ ಆಕ್ಷೇಪ, ಅದಕ್ಕೆ ಆ ಪಾತ್ರವೇ ತಕ್ಕ ದೃಷ್ಟಾಂತ. ಮಂತ್ರಿಗಿಂತಲೂ ಮಂತ್ರಿಪಕ್ಷಪಾತಿಗಳಾಗುವ ನ್ಯಾಯಾಧೀಶರ ಬಗೆಗೆ ಅವರು ಆಡಿದ ಮಾತು ಸಹೋದ್ಯೋಗಿಗಳನ್ನು ಹೆಚ್ಚು ನೋಯಿಸಿತು. ವಾದದ ದೃಷ್ಟಿಯಿಂದ ಕಾಲಿನ ಗಂಟಿನ ಉದಾಹರಣೆಯೇ ಹೆಚ್ಚು ಬಲವಾದದ್ದು.

ಈ ಭಿನ್ನಮತದ ಮಿತಿಯನ್ನೂ ಹೇಳಬೇಕು. ಅದು ಒಂದು ವಿಶೇಷಣವನ್ನು ಆಧರಿಸಿ ನಿಂತಿದೆ. ಆ ಪದ ಇಲ್ಲದಿದ್ದರೆ ಆಟ್ಕಿನ್ನರ ವಾದವೂ ಇರುತ್ತಿರಲಿಲ್ಲ. ಬಂಧನದ ಅಧಿಕಾರ ನ್ಯಾಯವೇ ಎಂಬ ಪ್ರಶ್ನೆಗೆ ಅವರು ಕೈಹಾಕಲಿಲ್ಲ. ಇಂಗ್ಲಿಷ್ ನ್ಯಾಯಾಧೀಶರಿಗೆ ಅದರ ಅವಕಾಶವೂ ಇರಲಿಲ್ಲ. ಲಿಖಿತ ಸಂವಿಧಾನವುಳ್ಳ ದೇಶದಲ್ಲಿ ಆ ಪ್ರಶ್ನೆ ಏಳಲೇಬೇಕಾಗಿತ್ತು. ಒಂಬತ್ತು ವರ್ಷಗಳ ಮೇಲೆ ಅದು ಭಾರತದಲ್ಲಿ ಎದ್ದಿತು.

೪

ನಮ್ಮ ಸಂವಿಧಾನದ ೨೧ನೆಯ ವಿಧಿಯ ಹಿಂದೆ ಒಂದು ಪಾಠಾಂತರದ ಇತಿಹಾಸವಿದೆ. ಅಮೆರಿಕದ ಸಂವಿಧಾನದ ‘ಡ್ಯೂ ಪ್ರೊಸೆಸ್’, ಎಂದರೆ ಕಾನೂನಿನ ಯುಕ್ತಕ್ರಮ ಎಂಬ ನುಡಿ ಮೊದಲ ಕರಡಿನಲ್ಲಿತ್ತು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು ೧೯೪೭ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆ ನುಡಿಯ ಬಲದಿಂದ ನ್ಯಾಯಾಧೀಶರು ಸಮಾಜಹಿತದ ಶಾಸನಗಳನ್ನು ತಳ್ಳಿಹಾಕಿಯಾರೆಂಬ ಶಂಕೆ ರಾಯರಿಗೆ ಬಲವಾಯಿತು. ಕರಡು ಸಮಿತಿ ಅದನ್ನು ಬಿಟ್ಟು, ಜಪಾನಿನ ಹೊಸ ಸಂವಿಧಾನವನ್ನು ಅನುಸರಿಸಿ ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂಬ ನುಡಿಯನ್ನು ಇಟ್ಟಿತು. ಇದರಿಂದ ಆದ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಲೆಂದು ೧೯೪೯ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ಅಂಬೇಡ್ಕರರು ಈಗಿನ ೨೨ನೆಯ ವಿಧಿಯನ್ನು ತಂದರು. ಬಂಧಿತನಿಗೆ ಕಾರಣಗಳನ್ನು ತಿಳಿಸಬೇಕು, ಮನವಿಗೆ ಅವಕಾಶ ಕೊಡಬೇಕು, ಮೂರು ತಿಂಗಳು ಮೀರಿದರೆ ಸಲಹಾ ಮಂಡಲಿಯ ಮುಂದಿಡಬೇಕು ಎಂಬ ಕಟ್ಟಳೆಗಳು ಅದರಲ್ಲಿವೆ. ಆದರೆ ರಕ್ಷಣೆಯೆಂದು ಬಂದ ಈ ವಿಧಿಯೇ, ವಿಚಾರಣೆಯಿಲ್ಲದ ಬಂಧನವನ್ನು ಶಾಂತಿಕಾಲದಲ್ಲಿಯೂ ಸಂವಿಧಾನದೊಳಗೆ ಪ್ರತಿಷ್ಠಿಸಿತು.

ಸಂವಿಧಾನ ಜಾರಿಗೆ ಬಂದ ಒಂದು ತಿಂಗಳಲ್ಲಿ, ೧೯೫೦ರ ಫೆಬ್ರವರಿಯ ಕೊನೆಯಲ್ಲಿ, ಸರ್ದಾರ್ ಪಟೇಲರು ತಂದ ಮುನ್ನೆಚ್ಚರಿಕೆಯ ಬಂಧನದ ಕಾಯಿದೆ ಅಂಗೀಕೃತವಾಯಿತು. ಒಂದು ವರ್ಷದ ಮಟ್ಟಿಗೆ ಎಂದು ಮಾಡಿದ ಕಾಯಿದೆ ಮತ್ತೆ ಮತ್ತೆ ವಿಸ್ತರಣೆ ಪಡೆದು ೧೯೬೯ರ ಕೊನೆಯವರೆಗೆ ಬಾಳಿತು. ಕಮ್ಯೂನಿಸ್ಟ್ ನಾಯಕ ಗೋಪಾಲನ್ ೧೯೪೭ರ ಡಿಸೆಂಬರಿನಿಂದಲೂ ಮದರಾಸು ಪ್ರಾಂತದ ಸೆರೆಯಲ್ಲಿದ್ದವರು. ಸೆರೆಯಲ್ಲಿರುವಾಗಲೇ ೧೯೫೦ರ ಮಾರ್ಚ್ ೧ರಂದು ಹೊಸ ಕಾಯಿದೆಯ ಆಜ್ಞೆ ಅವರ ಕೈಸೇರಿತು. ಮೇ ೧೯ರಂದು ಆರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು.

ಬಹುಮತದವರು ಎರಡು ಮಾತು ಹೇಳಿದರು. ೨೧ನೆಯ ವಿಧಿಯಲ್ಲಿ ಕಾನೂನು ಎಂದರೆ ಶಾಸಕಾಂಗ ಮಾಡಿದ ಕಾನೂನು. ಅದು ಸ್ವಾಭಾವಿಕ ನ್ಯಾಯವನ್ನು ಒಳಗೊಳ್ಳಬೇಕೆಂದಿಲ್ಲ. ಎರಡನೆಯದಾಗಿ, ೧೯ನೆಯ ವಿಧಿಯ ಸ್ವಾತಂತ್ರ್ಯಗಳು ಬೇರೆ, ೨೧ರ ದೈಹಿಕ ಸ್ವಾತಂತ್ರ್ಯ ಬೇರೆ. ೨೨ನೆಯ ವಿಧಿ ಬಂಧನದ ವಿಷಯದಲ್ಲಿ ಬಹುಮಟ್ಟಿಗೆ ಸ್ವಯಂಪೂರ್ಣ. ಮೊದಲನೆಯ ಮಾತಿನ ಹಿಂದೆ ಮೇಲೆ ಹೇಳಿದ ಪಾಠಾಂತರದ ಪುರಾವೆಯಿದೆ. ಕರ್ತೃಗಳು ತಿಳಿದೂ ತಿಳಿದೂ ತೆಗೆದ ಅರ್ಥವನ್ನು ವ್ಯಾಖ್ಯಾನಕಾರ ಹಿಂದಿನ ಬಾಗಿಲಿಂದ ತರಬಾರದೆಂಬ ನಿಯಮವನ್ನು ಯಾವ ಗ್ರಂಥಸಂಪಾದಕನೂ ಒಪ್ಪುತ್ತಾನೆ. ಇದನ್ನು ಕುರುಡು ಅಕ್ಷರನಿಷ್ಠೆಯೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ.

ಬಹುಮತದ ದೋಷವಿರುವುದು ಎರಡನೆಯ ಮಾತಿನಲ್ಲಿ. ಅಲ್ಲಿ ವಿಧಿಗಳನ್ನು ಒಂದರ ಪಕ್ಕದಲ್ಲೊಂದು ಗೋಡೆ ಕಟ್ಟಿ ಬೇರ್ಪಡಿಸಿದ ಕೋಣೆಗಳಂತೆ ಭಾವಿಸಲಾಗಿದೆ. ನಮ್ಮ ಮೀಮಾಂಸಕರು ಅರ್ಥನಿರ್ಣಯಕ್ಕೆ ಏಕವಾಕ್ಯತೆಯೆಂಬ ತತ್ತ್ವವನ್ನು ಹೇಳಿದ್ದಾರೆ. ಒಂದೇ ಪ್ರಯೋಜನಕ್ಕಾಗಿ ಪರಸ್ಪರ ಆಕಾಂಕ್ಷೆಯುಳ್ಳ ಪದಗಳು ಒಂದೇ ವಾಕ್ಯವೆಂದು ತಿಳಿಯಬೇಕು. ಉಪಕ್ರಮ ಉಪಸಂಹಾರಗಳನ್ನು ಕೂಡಿಸಿ ನೋಡಿ ತಾತ್ಪರ್ಯವನ್ನು ಹಿಡಿಯಬೇಕು. ಮೂಲಭೂತ ಹಕ್ಕುಗಳ ಅಧ್ಯಾಯಕ್ಕೆ ಈ ದೃಷ್ಟಿಯನ್ನು ಅನ್ವಯಿಸಿದರೆ ಬಹುಮತದ ವಿಭಾಗಕ್ರಮ ನಿಲ್ಲುವುದಿಲ್ಲ. ಸೆರೆಯಲ್ಲಿರುವವನಿಗೆ ಓಡಾಟವಿಲ್ಲ, ಸಭೆಯಿಲ್ಲ, ಸಂಘವಿಲ್ಲ. ೨೧ ಹೋದಾಗ ೧೯ ಉಳಿದೀತು ಹೇಗೆ?

ಫಜಲ್ ಅಲಿಯವರ ಭಿನ್ನಮತದ ಬೆಲೆ ಇಲ್ಲಿದೆ. ಮುನ್ನೆಚ್ಚರಿಕೆಯ ಬಂಧನ ಸಂಚಾರಸ್ವಾತಂತ್ರ್ಯಕ್ಕೆ ನೇರವಾದ ನಿರ್ಬಂಧವೆಂದೂ, ಆದ್ದರಿಂದ ಅದರ ಔಚಿತ್ಯವನ್ನು ನ್ಯಾಯಾಲಯ ಪರೀಕ್ಷಿಸಬಹುದೆಂದೂ ಅವರು ಹೇಳಿದರು. ‘ಕಾರ್ಯವಿಧಾನ’ವೆಂಬ ಪದದಲ್ಲಿ ತಿಳಿವಳಿಕೆ ಪತ್ರ, ಹೇಳಿಕೊಳ್ಳುವ ಅವಕಾಶ, ನಿಷ್ಪಕ್ಷಪಾತಿಯಾದ ನಿರ್ಣಾಯಕ, ಕ್ರಮಬದ್ಧವಾದ ನಡವಳಿ ಎಂಬ ನಾಲ್ಕು ಅಂಶಗಳಾದರೂ ಅಡಗಿವೆಯೆಂದು ವಾದಿಸಿದರು. ಈ ಎರಡನೆಯ ವಾದ ಪಾಠಾಂತರದ ಇತಿಹಾಸಕ್ಕೆ ಎದುರಾಗಿ ಈಜುವಂಥದು. ಅದನ್ನು ಅವರು ಪೂರ್ಣವಾಗಿ ಪರಿಹರಿಸಿದರೆಂದು ಹೇಳಲಾಗದು. ಮೊದಲನೆಯದು ಮಾತ್ರ ಗಟ್ಟಿಯಾದ ನೆಲದ ಮೇಲೆ ನಿಂತಿದೆ.

ಗೋಪಾಲನ್ ತೀರ್ಪಿನಲ್ಲಿ ಆರು ಮಂದಿಯೂ ಒಮ್ಮತದಿಂದ ಹೇಳಿದ ಒಂದು ಸಂಗತಿಯನ್ನು ಪಠ್ಯಪುಸ್ತಕಗಳು ಮರೆಯುತ್ತವೆ. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಕೂಡದೆಂದು ಕಾಯಿದೆಯ ೧೪ನೆಯ ಕಲಮು ವಿಧಿಸಿತ್ತು. ಅದು ಅಸಿಂಧುವೆಂದು ಎಲ್ಲರೂ ಸಾರಿದರು. ಕಾರ್ಯಾಂಗಕ್ಕೆ ಬಹಳವನ್ನು ಬಿಟ್ಟುಕೊಟ್ಟ ನ್ಯಾಯಾಧೀಶರೂ ನ್ಯಾಯಾಲಯದ ಕಣ್ಣು ಕಟ್ಟುವುದಕ್ಕೆ ಒಪ್ಪಲಿಲ್ಲ. ಇಪ್ಪತ್ತಾರು ವರ್ಷಗಳ ಮೇಲೆ ಈ ಗಡಿಯೂ ಅಳಿಯಿತು.

೫

೧೯೭೫ರ ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾಯಿತು. ೨೭ರಂದು ರಾಷ್ಟ್ರಪತಿಗಳು ೩೫೯ನೆಯ ವಿಧಿಯಂತೆ ಆಜ್ಞೆ ಹೊರಡಿಸಿ, ೧೪, ೨೧, ೨೨ನೆಯ ವಿಧಿಗಳ ಹಕ್ಕುಗಳನ್ನು ಜಾರಿಗೊಳಿಸಲು ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅಮಾನತ್ತಿನಲ್ಲಿಟ್ಟರು. ೧೯೭೧ರ ಆಂತರಿಕ ಭದ್ರತಾ ಕಾಯಿದೆಗೆ, ಎಂದರೆ ‘ಮೀಸಾ’ಕ್ಕೆ, ತಿದ್ದುಪಡಿಯಾಗಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಸಬೇಕಾಗಿಲ್ಲವೆಂದಾಯಿತು, ಆಮೇಲೆ ಅವು ರಾಜ್ಯದ ಗುಟ್ಟೆಂದೂ ಆಯಿತು. ಶಾ ಆಯೋಗದ ವರದಿಯಂತೆ ಆ ಅವಧಿಯಲ್ಲಿ ಮೀಸಾದ ಕೆಳಗೆ ೩೪,೯೮೮ ಮಂದಿಯೂ ಭಾರತ ರಕ್ಷಣಾ ನಿಯಮಗಳ ಕೆಳಗೆ ೭೫,೮೧೮ ಮಂದಿಯೂ ಬಂಧಿತರಾದರು.

ಜೂನ್ ೨೬ರಂದು ಬೆಂಗಳೂರಿನಲ್ಲಿ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರು ಬಂಧಿತರಾದರು. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬಂದಿದ್ದವರು ಅವರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಕರ್ನಾಟಕ ಹೈಕೋರ್ಟು ನಿರ್ಣಯಿಸಿತು. ದೇಶದ ಇತರ ಹಲವು ಹೈಕೋರ್ಟುಗಳ ಅಭಿಪ್ರಾಯವೂ ಅದೇ ಆಗಿತ್ತು. ಆ ನಿರ್ಣಯಗಳ ಮೇಲಿನ ಅಪೀಲುಗಳನ್ನು ಒಟ್ಟುಗೂಡಿಸಿ ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟು ಕೊಟ್ಟದ್ದೇ ಜಬಲ್ಪುರ ತೀರ್ಪು. ಮುಖ್ಯ ನ್ಯಾಯಾಧೀಶ ಎ. ಎನ್. ರೇ, ನ್ಯಾಯಮೂರ್ತಿಗಳಾದ ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ ಸರ್ಕಾರದ ಪಕ್ಷವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಬೇರೆ ನಿಂತರು.

ಬಹುಮತದ ತರ್ಕದ ಅಂಗಗಳು ಮೂರು. ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗೆ ೨೧ನೆಯ ವಿಧಿ ಏಕೈಕ ನೆಲೆ. ಆ ವಿಧಿಯನ್ನು ಜಾರಿಗೊಳಿಸುವ ದಾರಿ ಮುಚ್ಚಿದೆ. ಆದ್ದರಿಂದ ಬಂಧಿತನಿಗೆ ಅರ್ಜಿ ಸಲ್ಲಿಸುವ ಅಧಿಕಾರವೇ ಇಲ್ಲ. ಮೊದಲ ವಾಕ್ಯವನ್ನು ಒಪ್ಪಿದರೆ ಉಳಿದೆರಡು ತಾವಾಗಿಯೇ ಬರುತ್ತವೆ. ಈ ತರ್ಕ ಎಲ್ಲಿಗೆ ಮುಟ್ಟುತ್ತದೆಂಬುದನ್ನು ವಾದದ ಕಾಲದಲ್ಲಿಯೇ ಖನ್ನಾ ತೋರಿಸಿದ್ದರು. ೨೧ನೆಯ ವಿಧಿ ಜೀವಕ್ಕೂ ಸಂಬಂಧಿಸಿದ್ದಲ್ಲವೇ, ಪೋಲೀಸಿನವನೊಬ್ಬ ಅಕ್ರಮವಾಗಿ ಪ್ರಾಣ ತೆಗೆದರೆ ಪರಿಹಾರವುಂಟೇ ಎಂದು ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು. ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಉತ್ತರ ಬಂತು. ಆ ಉತ್ತರ ಪ್ರಾಮಾಣಿಕವಾದದ್ದು. ತರ್ಕದ ಕೊನೆಯ ಮೆಟ್ಟಿಲನ್ನು ಅದು ಬಚ್ಚಿಡಲಿಲ್ಲ. ಅದನ್ನು ಕೇಳಿಯೂ ಮೊದಲ ವಾಕ್ಯವನ್ನು ಮತ್ತೆ ಪರೀಕ್ಷಿಸದೆ ಹೋದುದು ಬಹುಮತದ ದೊಡ್ಡ ಕೊರತೆ.

ಈ ಕೊರತೆಯನ್ನು ಅವರ ಗದ್ಯವೇ ಬಯಲುಮಾಡುತ್ತದೆ. ಸರ್ಕಾರ ಅಧಿಕಾರವನ್ನು ದುರುಪಯೋಗಪಡಿಸದೆಂಬ ಭರವಸೆಯನ್ನು ಚಂದ್ರಚೂಡರು ವಜ್ರದ ಹೊಳಪಿಗೂ ವಜ್ರದ ಗಡಸಿಗೂ ಹೋಲಿಸುತ್ತಾರೆ. ಬಂಧಿತರಿಗೆ ಸರ್ಕಾರ ತೋರುತ್ತಿರುವ ಆರೈಕೆ ತಾಯಿಯ ಆರೈಕೆಗೆ ಸಮೀಪವಾದುದೆಂದು ಬೇಗರು ಹೇಳುತ್ತಾರೆ. ಉಪಮೆ ವಾದದ ಸ್ಥಾನದಲ್ಲಿ ಬಂದು ಕೂತಾಗ ವಿಮರ್ಶಕ ಎಚ್ಚರವಾಗಬೇಕು. ವಜ್ರ ಗಡಸು, ನಿಜ. ಭರವಸೆ ಗಡಸಾಗುವುದು ಅದನ್ನು ಮುರಿದವನನ್ನು ಕೇಳುವವರಿದ್ದಾಗ ಮಾತ್ರ. ತಾಯಿಯ ಉಪಮೆಯಂತೂ ಇನ್ನೂ ಅನುಚಿತ. ಆ ತೀರ್ಪು ಬಂದ ಮುಂದಿನ ತಿಂಗಳು, ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬಂಧಿತರಾಗಿ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದರು. ಮೀಸಾದ ಕೆಳಗೆ ಸುಮಾರು ಎಂಟು ತಿಂಗಳು ಅವರು ಅಲ್ಲಿದ್ದರು. ಉಬ್ಬಸದಿಂದ ದೇಹ ಕುಗ್ಗಿ, ೧೯೭೭ರ ಜನವರಿ ೧೫ರಂದು ಪೆರೋಲಿನ ಮೇಲೆ ಹೊರಬಂದು, ೨೦ರಂದು ತೀರಿಕೊಂಡರು. ಅವರ ಮೇಲಿನ ಯಾವ ಆರೋಪವೂ ನ್ಯಾಯಾಲಯದಲ್ಲಿ ಸಿದ್ಧವಾಗಲಿಲ್ಲ. ಈ ಸಂಗತಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಉಪಮೆಯನ್ನು ಓದಿದರೆ ಹೆಚ್ಚಿನ ಟೀಕೆ ಬೇಕಾಗುವುದಿಲ್ಲ.

ಖನ್ನಾ ಅವರ ಬರವಣಿಗೆಯಲ್ಲಿ ಉಪಮೆಗಳು ವಿರಳ. ಆಟ್ಕಿನ್ನರ ವ್ಯಂಗ್ಯವೂ ಅಲ್ಲಿಲ್ಲ. ಪ್ರಶ್ನೆಯನ್ನು ಭಾಗಮಾಡಿಕೊಂಡು ಒಂದೊಂದನ್ನೂ ಸಮಾಧಾನವಾಗಿ ಉತ್ತರಿಸುವುದು ಅವರ ರೀತಿ. ಮುಖ್ಯ ಹೆಜ್ಜೆ ಇದು: ೨೧ನೆಯ ವಿಧಿ ಸ್ವಾತಂತ್ರ್ಯವನ್ನು ಸೃಷ್ಟಿಸಲಿಲ್ಲ. ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಅಧಿಕಾರಿಗಳು ಕಸಿಯಲಾಗದೆಂಬ ನಿಯಮ ಸಂವಿಧಾನಕ್ಕಿಂತ ಹಳೆಯದು. ಆ ವಿಧಿಯ ಹಕ್ಕನ್ನು ಜಾರಿಗೊಳಿಸುವ ದಾರಿ ಮುಚ್ಚಿದ ಮಾತ್ರಕ್ಕೆ ಕಾನೂನನ್ನು ಮೀರಿ ನಡೆಯಲು ಅಧಿಕಾರಿಗೆ ಅಪ್ಪಣೆ ಸಿಕ್ಕಿದಂತಾಗುವುದಿಲ್ಲ. ಬಂಧಿಸುವ ಶಕ್ತಿ ಮೀಸಾದಿಂದ ಬಂದದ್ದು. ಮೀಸಾದ ಕಟ್ಟಳೆಯನ್ನೇ ಮೀರಿದ ಆಜ್ಞೆ ಕಾನೂನಿನ ಆಜ್ಞೆಯಲ್ಲ. ಒಬ್ಬ ರಾಮಯ್ಯನ ಹೆಸರಿಗೆ ಹೊರಟ ಆಜ್ಞೆಯಿಂದ ಇನ್ನೊಬ್ಬ ರಾಮಯ್ಯನನ್ನು ಹಿಡಿದಿದ್ದರೆ, ಆ ಎರಡನೆಯವನು ನ್ಯಾಯಾಲಯದಲ್ಲಿ ಕೇಳುವುದು ೨೧ನೆಯ ವಿಧಿಯ ಹಕ್ಕನ್ನಲ್ಲ. ತನ್ನನ್ನು ಹಿಡಿಯಲು ನಿಮಗೆ ಆಜ್ಞೆ ಎಲ್ಲಿದೆ ಎಂಬುದನ್ನು ಮಾತ್ರ.

ಈ ವಾದಕ್ಕೆ ಅವರು ಆಸರೆ ಪಡೆದ ಪೂರ್ವನಿರ್ಣಯಗಳಲ್ಲಿ ೧೯೩೧ರ ಎಲೆಕೊ ಮೊಕದ್ದಮೆ ಒಂದು. ನೈಜೀರಿಯದ ವಸಾಹತು ಸರ್ಕಾರದ ಮೇಲೆ ಪ್ರಿವಿ ಕೌನ್ಸಿಲ್ಲಿಗೆ ಬಂದ ಆ ಮೊಕದ್ದಮೆಯಲ್ಲಿ, ಪ್ರಜೆಯ ಸ್ವಾತಂತ್ರ್ಯಕ್ಕೆ ಕೈಹಾಕಿದ ಅಧಿಕಾರಿ ತನ್ನ ಕೃತ್ಯ ಕಾನೂನುಬದ್ಧವೆಂದು ನ್ಯಾಯಾಲಯದಲ್ಲಿ ತೋರಿಸಿಕೊಡಬೇಕೆಂದು ಹೇಳಿದವರು ಆಟ್ಕಿನ್ನರೇ. ಬಹುಮತದವರು ಲಿವರ್ಸಿಜ್ ತೀರ್ಪಿನ ಬಹುಮತವನ್ನು ನೆಚ್ಚಿದರು, ಖನ್ನಾ ಆಟ್ಕಿನ್ನರ ತತ್ತ್ವವನ್ನು ನೆಚ್ಚಿದರು. ವಸಾಹತಿನ ಪ್ರಜೆಗೆ ೧೯೩೧ರಲ್ಲಿ ಇದ್ದ ರಕ್ಷಣೆ ಸ್ವತಂತ್ರ ಗಣರಾಜ್ಯದ ಪೌರನಿಗೆ ೧೯೭೬ರಲ್ಲಿ ಇಲ್ಲವಾಯಿತೆಂಬುದು ಬಹುಮತದ ಫಲಿತಾರ್ಥ.

ಭಿನ್ನಮತವೆಂಬುದು ಮುಂದೆ ಬರುವ ಕಾಲದ ವಿವೇಕಕ್ಕೆ ಮಾಡಿಕೊಂಡ ಮನವಿಯೆಂಬ ಅರ್ಥದ ಹಿರಿಯ ಅಮೆರಿಕನ್ ನ್ಯಾಯಾಧೀಶರೊಬ್ಬರ ಮಾತಿನಿಂದ ಖನ್ನಾ ಮುಗಿಸುತ್ತಾರೆ. ಅದರ ಬೆಲೆಯನ್ನು ಅವ್ಯವಹಿತವಾಗಿ ಅವರೇ ತೆತ್ತರು. ೧೯೭೭ರ ಜನವರಿಯಲ್ಲಿ ಅವರ ಹಿರಿತನವನ್ನು ಬದಿಗೊತ್ತಿ ಬೇಗರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

೬

ಮೂರು ಭಿನ್ನಮತಗಳಿಗೂ ಮುಂದಿನ ಕಾಲ ಮನ್ನಣೆ ಕೊಟ್ಟಿದೆ. ಲಿವರ್ಸಿಜ್ ಬಹುಮತವನ್ನು ಇಂಗ್ಲೆಂಡಿನ ನ್ಯಾಯಾಧೀಶರು ಕ್ರಮೇಣ ಕೈಬಿಟ್ಟು, ರಾಸ್‌ಮಿನ್‌ಸ್ಟರ್ ಮೊಕದ್ದಮೆಯಲ್ಲಿ ಲಾರ್ಡ್ ಡಿಪ್ಲಾಕ್ ಅದು ತಪ್ಪೆಂದು ಬಾಯಿಬಿಟ್ಟು ಹೇಳಿದರು. ಗೋಪಾಲನ್ ತೀರ್ಪಿನ ಕೋಣೆಗಳ ಗೋಡೆಯನ್ನು ೧೯೭೦ರ ಬ್ಯಾಂಕ್ ರಾಷ್ಟ್ರೀಕರಣದ ತೀರ್ಪು ಒಡೆಯಿತು. ೧೯೭೮ರ ಮೇನಕಾ ಗಾಂಧಿ ತೀರ್ಪು ಕಾರ್ಯವಿಧಾನ ನ್ಯಾಯಯುತವೂ ಯುಕ್ತವೂ ಆಗಿರಬೇಕೆಂದು ಸಾರಿತು. ಆ ತೀರ್ಪಿನ ಮುಖ್ಯ ಭಾಗವನ್ನು ಬರೆದವರು, ಎರಡು ವರ್ಷಗಳ ಹಿಂದೆ ಜಬಲ್ಪುರ ಬಹುಮತದಲ್ಲಿದ್ದ ಭಗವತಿಯವರು. ೧೯೭೮ರ ೪೪ನೆಯ ತಿದ್ದುಪಡಿ, ೨೦ ಮತ್ತು ೨೧ನೆಯ ವಿಧಿಗಳನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತ್ತಿನಲ್ಲಿಡಲಾಗದಂತೆ ಮಾಡಿತು. ಕೊನೆಗೆ ೨೦೧೭ರ ಆಗಸ್ಟ್ ೨೪ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಾಧೀಶರ ಪೀಠ ಜಬಲ್ಪುರ ತೀರ್ಪನ್ನು ರದ್ದುಗೊಳಿಸಿತು. ಆ ಮಾತನ್ನು ಬರೆದವರು ವೈ. ವಿ. ಚಂದ್ರಚೂಡರ ಮಗ ಡಿ. ವೈ. ಚಂದ್ರಚೂಡ್.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತಿಳಿಯುವುದು ಅವಸರದ ನಿರ್ಣಯವಾದೀತು. ೪೪ನೆಯ ತಿದ್ದುಪಡಿಯಲ್ಲಿ ೨೨ನೆಯ ವಿಧಿಯನ್ನು ಬಿಗಿಗೊಳಿಸುವ ಭಾಗವೊಂದಿತ್ತು. ಮೂರು ತಿಂಗಳ ಅವಧಿಯನ್ನು ಎರಡಕ್ಕೆ ಇಳಿಸಿ, ಸಲಹಾ ಮಂಡಲಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರ ಶಿಫಾರಸಿನಂತೆ ರಚಿಸಬೇಕೆಂದು ಅದು ಹೇಳುತ್ತದೆ. ಪಾರ್ಲಿಮೆಂಟು ಒಪ್ಪಿದರೂ ಅದನ್ನು ಜಾರಿಗೆ ತರುವ ಅಧಿಸೂಚನೆಯನ್ನು ಯಾವ ಸರ್ಕಾರವೂ ಹೊರಡಿಸಲಿಲ್ಲ. ೧೯೮೦ರ ರಾಷ್ಟ್ರೀಯ ಭದ್ರತಾ ಕಾಯಿದೆಯನ್ನು ಪ್ರಶ್ನಿಸಿದ ಎ. ಕೆ. ರಾಯ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಆ ಅಧಿಸೂಚನೆಯನ್ನು ಹೊರಡಿಸೆಂದು ಸರ್ಕಾರಕ್ಕೆ ಆಜ್ಞಾಪಿಸಲು ನಿರಾಕರಿಸಿತು. ಆ ಕಾಯಿದೆಯ ಕೆಳಗೆ ಹನ್ನೆರಡು ತಿಂಗಳವರೆಗೆ ಬಂಧನ ಸಾಧ್ಯ. ಕಳ್ಳಭಟ್ಟಿ ಮಾರುವವರು, ಜೂಜುಕೋರರು, ಗೂಂಡಾಗಳು ಮೊದಲಾದವರನ್ನು ಉದ್ದೇಶಿಸಿ ಕರ್ನಾಟಕ ೧೯೮೫ರಲ್ಲಿ ಮಾಡಿದ ಕಾಯಿದೆಯೂ ಇದೇ ಜಾತಿಯದು. ಅಪರಾಧಕ್ಕೆ ದಂಡಸಂಹಿತೆಯಲ್ಲಿ ಶಿಕ್ಷೆ ಇರುವಾಗ ಈ ಅಡ್ಡದಾರಿ ಏತಕ್ಕೆ? ಸಾಕ್ಷ್ಯ ಒದಗಿಸುವ ಶ್ರಮ ತಪ್ಪುತ್ತದೆಂಬುದೇ ಉತ್ತರವಾದರೆ, ಅದು ರಾಜ್ಯದ ಭದ್ರತೆಯ ಪ್ರಶ್ನೆಯಲ್ಲ, ಆಡಳಿತದ ಅನುಕೂಲದ ಪ್ರಶ್ನೆ.

ಈ ಮೂರು ಭಿನ್ನಮತಗಳ ಸಾಮಾನ್ಯ ಮಿತಿಯೂ ಇಲ್ಲಿ ಕಾಣುತ್ತದೆ. ವಿಚಾರಣೆಯಿಲ್ಲದ ಬಂಧನ ಇರಲೇಬಾರದೆಂದು ಮೂವರಲ್ಲಿ ಒಬ್ಬರೂ ನಿರ್ಣಯಿಸಲಿಲ್ಲ. ೨೨ನೆಯ ವಿಧಿ ಇರುವಾಗ ಭಾರತದ ನ್ಯಾಯಾಧೀಶರು ಹಾಗೆ ನಿರ್ಣಯಿಸುವುದು ಸಾಧ್ಯವೂ ಅಲ್ಲ. ಅದು ಶಾಸನಸಭೆಗಳ, ಅಂತಿಮವಾಗಿ ಪೌರರ, ಕೆಲಸ. ನ್ಯಾಯಾಧೀಶರು ಕೇಳಿದ್ದು ಒಂದನ್ನೇ: ‘ಮಾಡಿಯಾನು’ ಎಂಬ ಊಹೆಗೆ ಕಾರಣವೇನೆಂದು ಹೊರಗಿನವರೊಬ್ಬರು ಪರೀಕ್ಷಿಸುವಂತಿರಬೇಕು. ಆಟ್ಕಿನ್ನರು ಅದನ್ನು ಒಂದು ವಿಶೇಷಣದಲ್ಲಿ ಕಂಡರು. ಫಜಲ್ ಅಲಿ ವಿಧಿಗಳ ಏಕವಾಕ್ಯತೆಯಲ್ಲಿ ಕಂಡರು. ಖನ್ನಾ ಸಂವಿಧಾನಕ್ಕೂ ಹಿಂದಿನ ಕಾನೂನಿನ ಆಳ್ವಿಕೆಯಲ್ಲಿ ಕಂಡರು. ಇಷ್ಟು ಅಲ್ಪವಾದ ಬೇಡಿಕೆ ಅತ್ಯುಚ್ಚ ಪೀಠದಲ್ಲಿ ಮೂರು ಸಲವೂ ಸೋತಿತು. ೧೯೭೫ರಲ್ಲಿ ಬೆಂಗಳೂರಿನಲ್ಲೂ ಬೇರೆಡೆಯ ಹೈಕೋರ್ಟುಗಳಲ್ಲೂ ಅದೇ ಬೇಡಿಕೆ ನಿರ್ಣಯವಾಗಿಯೇ ನಿಂತಿತ್ತೆಂಬುದನ್ನೂ ಮರೆಯಬಾರದು. ಹಾಗೆ ಓದುವುದು ಅಸಾಧ್ಯವಾಗಿರಲಿಲ್ಲ.

ನಮ್ಮ ಕಾಲೇಜುಗಳಲ್ಲಿ ಈ ತೀರ್ಪುಗಳ ಸಾರಾಂಶಗಳನ್ನು ಮಾತ್ರ ಬಾಯಿಪಾಠ ಮಾಡಿಸುವ ಪದ್ಧತಿಯಿದೆ. ಸಾರಾಂಶದಲ್ಲಿ ಸೋಲು ಗೆಲುವು ಉಳಿಯುತ್ತದೆ, ಪದದಿಂದ ಪದಕ್ಕೆ ನಡೆದ ದಾರಿ ಉಳಿಯುವುದಿಲ್ಲ. ‘ಇದ್ದರೆ’ ಎಂಬುದು ‘ಇದೆಯೆಂದು ತೋರಿದರೆ’ ಎಂದು ಯಾವ ಪುಟದಲ್ಲಿ, ಯಾವ ವಾಕ್ಯದಲ್ಲಿ ಬದಲಾಯಿತೆಂದು ವಿದ್ಯಾರ್ಥಿ ಬೆರಳಿಟ್ಟು ತೋರಿಸಬಲ್ಲನಾದರೆ, ಮುಂದಿನ ಬಂಧನಾಜ್ಞೆಯನ್ನು ಓದುವಾಗ ಆತನಿಗೆ ಏನನ್ನು ಹುಡುಕಬೇಕೆಂಬುದು ತಿಳಿದಿರುತ್ತದೆ.